ಮೇಲೇಳುವ ರೆಕ್ಕೆಯ ಭಾರ

ಮಾರ್ಚ್ 4

ಲ್ಯಾಬಿನ ಗಾಳಿ-ಟನೆಲ್ ಬೆಳಿಗ್ಗೆಯಿಂದ ಓಡುತ್ತಿದೆ. ಒಳಗೆ ಅರ್ಧ ರೆಕ್ಕೆಯ ಮಾದರಿ, ನನ್ನ ತೋಳಿನಷ್ಟು ಉದ್ದ. ಮೋಟಾರು ಅದನ್ನು ಮೇಲೆ ಕೆಳಗೆ ಬಡಿಯುತ್ತದೆ, ನಾನು ಅಳೆಯುತ್ತೇನೆ. ಬಡಿತ ಜಾಸ್ತಿ ಮಾಡು, ಅಳೆ. ತುದಿಯ ತಿರುವು ಕಡಿಮೆ ಮಾಡು, ಅಳೆ. ಫ್ಯಾನಿನ ಗದ್ದಲಕ್ಕೆ ಕಿವಿಯಲ್ಲಿ ಹತ್ತಿ.

ಗಾಳಿಯ ದಾರಿ ಕಾಣಲೆಂದು ಬಿಡುವ ಹೊಗೆ ಇವತ್ತು ಚೆನ್ನಾಗಿ ಬಂತು. ರೆಕ್ಕೆ ಕೆಳಗಿಳಿದಾಗ ಒಂದು ಸುಳಿ ಕಳಚಿಕೊಳ್ಳುತ್ತದೆ. ಮೇಲೇರಿದಾಗ ಇನ್ನೊಂದು, ಎದುರು ದಿಕ್ಕಿಗೆ ತಿರುಗುವುದು. ಹಿಂದೆ ಎರಡು ಸಾಲು, ನಡುವೆ ಗಾಳಿ ಹಿಂದಕ್ಕೆ ಚಿಮ್ಮುತ್ತದೆ. ರೆಕ್ಕೆಗೆ ಮುಂದಕ್ಕೆ ನೂಕು ಸಿಗುವುದು ಅದರಿಂದಲೇ. ಬಡಿತ ನಿಧಾನವಾದರೆ ಸಾಲುಗಳು ಅದಲುಬದಲು... ಆಗ ರೆಕ್ಕೆ ನೂಕುವ ಬದಲು ಹಿಂದಕ್ಕೆ ಜಗ್ಗುತ್ತದೆ.

ಸುಳಿ ಮೇಷ್ಟ್ರು ಗಾಜಿಗೆ ಮೂಗು ಒತ್ತಿ ನಿಂತಿದ್ದರು. ಈ ಲ್ಯಾಬಿನ ಮುಖ್ಯಸ್ಥರು. ಸುಳಿಯ ವಿಷಯ ತೆಗೆದರೆ ಊಟ ಮರೆಯುತ್ತಾರೆ, ನಮ್ಮದನ್ನೂ ಮರೆಸುತ್ತಾರೆ. "ಎಷ್ಟು ಬಂತಮ್ಮ?" ಎಂದರು. ಎಪ್ಪತ್ತೆಂಟು, ಎಂದೆ. ಮೋಟಾರು ಕೊಟ್ಟ ನೂರರಲ್ಲಿ ಎಪ್ಪತ್ತೆಂಟು ಭಾಗ ನೂಕಾಗಿ ಬಂದಿದೆ. ಮೇಷ್ಟ್ರು ತಮ್ಮ ಬೋಳು ತಲೆ ಸವರಿಕೊಂಡರು. ಅವರಿಗೆ ಖುಷಿಯಾದರೆ ಹಾಗೆ.

ಮನೆಗೆ ಬಂದಾಗ ತಂಗಿ ನಡುಕೋಣೆಯಲ್ಲಿ ಸ್ಟ್ಯಾಂಡಿನ ಸೈಕಲ್ ತುಳಿಯುತ್ತಿದ್ದಳು. ನೆಲವೆಲ್ಲ ಬೆವರು. ಅಮ್ಮ ಹೊಲಿಗೆ ಮೆಷಿನ್ನಿನ ಮೇಲಿಂದ ತಲೆ ಎತ್ತದೆ, "ಎಲ್ಲಿಗೂ ಹೋಗದ ಸೈಕಲ್ಲಿಗೆ ಇಷ್ಟು ಬೆವರಾ? ಅಂಗಡಿಗಾದರೂ ಹೋಗಿ ದಾರ ತಂದಿದ್ರೆ ಆಗ್ತಿತ್ತು" ಎಂದಳು.

ಮಾರ್ಚ್ 11

ದಿನವಿಡೀ ಶೆಡ್ಡಿನಲ್ಲಿ. ನಿಜವಾದ ಯಂತ್ರ ಬಹುತೇಕ ಮುಗಿದಿದೆ. ಮೇಷ್ಟ್ರು ಅದನ್ನು ವಿಮಾನ ಎನ್ನುತ್ತಾರೆ. ಕಟ್ಟುತ್ತಿರುವ ಕಡ್ಡಿ ಅದನ್ನು ಕೊಡೆ ಎನ್ನುತ್ತಾನೆ. ಕಡ್ಡಿ ಎಂದರೆ ನಮ್ಮ ವರ್ಕ್‌ಶಾಪಿನವನು. ತಾನು ಕೊರೆಯುವ ಕಾರ್ಬನ್ ಕೊಳವೆಗಳಷ್ಟೇ ಸಣಕಲು. ಯಾರೋ ಇಟ್ಟ ಹೆಸರು. ಅವನಿಗೂ ಬೇಜಾರಿಲ್ಲ.

ಎಂಜಿನ್ ಇಲ್ಲ. ರೆಕ್ಕೆಯ ಒಳ ಅರ್ಧ ಅಲುಗುವುದಿಲ್ಲ, ಹೊರ ಅರ್ಧ ಕೀಲಿನ ಮೇಲೆ ಬಡಿಯುತ್ತದೆ. ಹಾರಿಸುವವಳು ಸೀಟಿನಲ್ಲಿ ಒರಗಿ ಎರಡೂ ಕಾಲಿನಿಂದ ಹಲಗೆ ಒತ್ತಬೇಕು. ಒತ್ತಿದರೆ ಹಗ್ಗ ರೆಕ್ಕೆಯನ್ನು ಕೆಳಕ್ಕೆ ಎಳೆಯುತ್ತದೆ. ಬಿಟ್ಟರೆ ಗಾಳಿಯೇ ಮೇಲಕ್ಕೆತ್ತುತ್ತದೆ. ಅಷ್ಟೇ.

ಹಾರಿಸುವವಳು ನನ್ನ ತಂಗಿ. ಟ್ರ್ಯಾಕ್ ಸೈಕ್ಲಿಂಗ್ ತಂಡದಲ್ಲಿ ಆರು ವರ್ಷ ಇದ್ದಳು, ಹೋದ ವರ್ಷ ಕೈಬಿಟ್ಟರು. ವಯಸ್ಸಾಯಿತಂತೆ — ಮೂವತ್ತೊಂದಕ್ಕೆ. ಈಗ ಶಾಲೆ ಮಕ್ಕಳಿಗೆ ಓಟ ಕಲಿಸುತ್ತಾಳೆ. ಹಗುರ ಮೈ, ಗಟ್ಟಿ ಕಾಲು. ಬೇರೆ ಯಾರನ್ನೂ ಹುಡುಕಬೇಕಾಗಲಿಲ್ಲ. ನಾನು ಕೇಳುವ ಮೊದಲೇ ಸೀಟಿನಲ್ಲಿ ಕೂತಿದ್ದಳು.

ಲೆಕ್ಕದ ಪ್ರಕಾರ ನೆಲಕ್ಕಿಳಿಯದೆ ಹಾರಲು ಮುನ್ನೂರಿಪ್ಪತ್ತು ವಾಟ್ ಸಾಕು. ಅವಳು ಸೈಕಲ್ ಮೇಲೆ ಒಂದು ನಿಮಿಷ ಮುನ್ನೂರೈವತ್ತು ಕೊಡುತ್ತಾಳೆ. ಮೂವತ್ತು ವಾಟ್ ಕೈಯಲ್ಲಿ ಉಳಿಯುತ್ತದೆ.

ಮಾರ್ಚ್ 22

ಮೊದಲ ಪರೀಕ್ಷೆ. ಯಾರೂ ಬಳಸದ ಹಳೆಯ ರನ್‌ವೇ, ಬಿರುಕುಗಳಲ್ಲಿ ಹುಲ್ಲು. ಮೇಷ್ಟ್ರ ಕಾರಿಗೆ ಹಗ್ಗ ಕಟ್ಟಿ ಎಳೆದೆವು. ಯಂತ್ರ ಎಷ್ಟು ಸುಲಭವಾಗಿ ಎದ್ದಿತೆಂದರೆ ನಾನು ಓಡುವುದನ್ನೇ ಮರೆತು ನಿಂತೆ. ಎರಡಾಳು ಎತ್ತರ. ಹಗ್ಗ ಕಳಚಿದಳು. ರೆಕ್ಕೆ ಬಡಿಯಿತು. ಒಂದು, ಎರಡು, ಮೂರು... ತುದಿ ಮೇಲೆ ಕೆಳಗೆ ಹೋಗುವುದು ಟನೆಲ್ಲಿನಲ್ಲಿ ಕಂಡಂತೆಯೇ.

ಇಳಿಯುತ್ತಲೇ ಹೋಯಿತು. ಬಡಿಯುತ್ತಾ ಬಡಿಯುತ್ತಾ ನೆಲಕ್ಕೆ ಬಂತು.

ಮತ್ತೆ ಎರಡು ಸಲ. ಅದೇ ಕಥೆ. ಕೊನೆಯ ಸಲ ಅವಳನ್ನು ಸೀಟಿನಿಂದ ನಾವೇ ಎತ್ತಿ ಇಳಿಸಬೇಕಾಯಿತು, ತೊಡೆ ಹಿಡಿದುಕೊಂಡಿತ್ತು.

"ಸೈಕಲ್ ಮೇಲೆ ಬರೋ ಶಕ್ತಿ ಇಲ್ಲಿ ಯಾಕ್ ಬರ್ತಿಲ್ಲ?" ಮೇಷ್ಟ್ರು ಸಮಾಧಾನದಿಂದಲೇ ಕೇಳಿದರು.

"ಪೂರ್ತಿ ಕೊಟ್ಟಿದೀನಿ ಸರ್."

"ಲೆಕ್ಕಕ್ಕೆ ಸಾಕಾಗೋಷ್ಟು ಬಂದಿಲ್ಲಮ್ಮ. ಭಯ ಇರಬಹುದು. ಮೊದಲ ಸಲ ತಾನೇ."

ತಂಗಿ ನನ್ನ ಮುಖ ನೋಡಿದಳು. ನಾನು ಏನೂ ಹೇಳಲಿಲ್ಲ. ನನ್ನ ಲೆಕ್ಕವೂ ಅದನ್ನೇ ಹೇಳುತ್ತಿತ್ತು.

ಏಪ್ರಿಲ್ 6

ಮತ್ತೆ ರನ್‌ವೇ. ಮತ್ತೆ ಇಳಿಯಿತು. ಹಗ್ಗಕ್ಕೆ ಗೇಜು ಹಾಕಿ ಅವಳು ಎಷ್ಟು ಎಳೆಯುತ್ತಾಳೆಂದು ಅಳೆಯೋಣ ಎಂದೆ. ಗೇಜು, ಅದರ ಬ್ಯಾಟರಿ — ತೂಕ ಬೇಡ ಎಂದರು ಮೇಷ್ಟ್ರು. ಮೊದಲಿನಿಂದ ಇರುವ, ವೇಗ ಮತ್ತು ಎತ್ತರ ಬರೆದುಕೊಳ್ಳುವ ಚಿಕ್ಕ ಡಬ್ಬಿಯೊಂದೇ ಸಾಕಂತೆ.

ವಾಪಸ್ ಬರುವಾಗ ಕಾರಿನಲ್ಲಿ ತಂಗಿ, "ನನ್ನ ತೂಕ ಒಂದು ಕಿಲೋ ಇಳಿದ್ರೆ ಎಷ್ಟು ವಾಟ್ ಉಳಿಯುತ್ತೆ?" ಎಂದಳು.

ನಾಲ್ಕಿರಬಹುದು, ಎಂದೆ. ಯೋಚಿಸದೆ ಹೇಳಿದೆ.

ಏಪ್ರಿಲ್ 19

ರಾತ್ರಿ ಊಟ ಬಿಟ್ಟಿದ್ದಾಳೆ. ಬೆಳಿಗ್ಗೆ ಒಂದು ಮೊಟ್ಟೆ, ಅದರ ಬಿಳಿ ಭಾಗ ಮಾತ್ರ. ಅಮ್ಮ ಹಳದಿಯನ್ನು ತಟ್ಟೆಯಲ್ಲಿಟ್ಟು ನನ್ನ ಮುಂದೆ ತಳ್ಳುತ್ತಾಳೆ — ನೀನಾದರೂ ತಿನ್ನು ಎನ್ನುವ ಹಾಗೆ, ನಿನ್ನಿಂದಲೇ ಇದೆಲ್ಲ ಎನ್ನುವ ಹಾಗೂ.

"ಮೂರು ಕಿಲೋ ಇಳಿದಿದೀನಿ" ಎಂದಳು ತಂಗಿ. ಕೆನ್ನೆ ಒಳಗೆ ಹೋಗಿದೆ. ಸೈಕಲ್ ಮೇಲೆ ಈಗ ಮುನ್ನೂರ ಮೂವತ್ತು. ತೂಕ ಇಳಿಸಿ ಗಳಿಸಿದ್ದು ಹನ್ನೆರಡು ವಾಟ್, ಕಾಲು ಕಳೆದುಕೊಂಡದ್ದು ಇಪ್ಪತ್ತು. ಹೇಳಿದೆ. ಕೇಳಲಿಲ್ಲ. "ಕಾಲು ಹೊಂದಿಕೊಳ್ಳುತ್ತೆ ಬಿಡು ಅಕ್ಕ."

ಮೇ 8

ಇಷ್ಟು ದಿನ ಬರೆಯಲಾಗಲಿಲ್ಲ. ಟನೆಲ್ ರಿಪೇರಿ, ಪರೀಕ್ಷೆ ಪೇಪರು ತಿದ್ದುವುದು.

ಇವತ್ತು ಶಾಲೆಯಿಂದ ಫೋನು. ಮೈದಾನದಲ್ಲಿ ಬೇಸಿಗೆ ಶಿಬಿರದ ಮಕ್ಕಳ ಮುಂದೆಯೇ ಬಿದ್ದಳಂತೆ. ಓಡಿದೆ. ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, "ಇವರಿಗೆ ಔಷಧಿ ಬೇಡ, ಊಟ ಹಾಕಿ" ಎಂದರು. ಇಷ್ಟೇ. ಗ್ಲೂಕೋಸ್ ಹನಿ ಇಳಿಯುವುದನ್ನು ನೋಡುತ್ತಾ ಕೂತೆ. ಅವಳ ಮಣಿಕಟ್ಟು ನನ್ನ ಎರಡು ಬೆರಳಿನೊಳಗೆ ಹಿಡಿಯುತ್ತದೆ. ಯಾವಾಗ ಹೀಗಾದಳು? ಒಂದೇ ಮನೆಯಲ್ಲಿದ್ದೇವೆ.

ಮನೆಗೆ ಬಂದ ಮೇಲೆ ಅಮ್ಮ ನನ್ನನ್ನು ಅಡುಗೆಮನೆ ಬಾಗಿಲಲ್ಲಿ ನಿಲ್ಲಿಸಿಕೊಂಡಳು.

"ನಿನ್ನ ರೆಕ್ಕೆ ಏಳಲಿ ಅಂತ ನನ್ನ ಮಗಳನ್ನ ಅರೆದು ಅರೆದು ಸಣ್ಣ ಮಾಡ್ತಿದೀಯಾ."

"ಅವಳೇ ಅಮ್ಮ... ನಾನು ಬೇಡ ಅಂದೆ."

"ಅಂದೆ. ಒಂದು ಸಲ ಅಂದೆ. ಅವಳು ಚಿಕ್ಕವಳಿದ್ದಾಗ ಒಲೆ ಹತ್ತಿರ ಹೋದ್ರೆ ಒಂದು ಸಲ ಅಂದು ಸುಮ್ಮನಾಗ್ತಿದ್ಯಾ?"



ಮೇ 12

ಬೆಳಿಗ್ಗೆಯೇ ಶೆಡ್ಡಿಗೆ ಹೋದೆ. ಕಡ್ಡಿ ಕೊಳವೆ ಕೊರೆಯುತ್ತಿದ್ದ. ನಾನು ಸೀಟಿನಲ್ಲಿ ಕೂರಬೇಕು ಎಂದೆ. ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದ. "ಮೇಡಂ, ಇದು ಕೊಡೆ. ಸೋಫಾ ಅಲ್ಲ."

ಶೆಡ್ಡಿನೊಳಗೆ ಗಾಳಿ ಎಲ್ಲಿಂದ ತರುವುದು? ಸೂರಿನ ತೊಲೆಗೆ ರಾಟೆ ಕಟ್ಟಿದೆವು. ರೆಕ್ಕೆಯ ಹೊರ ಅರ್ಧಕ್ಕೆ ಹಗ್ಗ, ಹಗ್ಗ ರಾಟೆಯ ಮೇಲಿಂದ, ಇನ್ನೊಂದು ತುದಿಗೆ ಮರಳಿನ ಚೀಲ. ಹಾರುವಾಗ ಗಾಳಿ ಎಷ್ಟು ಮೇಲಕ್ಕೆತ್ತುತ್ತದೋ ಅಷ್ಟು ಮರಳು. ಎರಡೂ ಕಡೆ.

ಕೂತೆ. ಒತ್ತಿದೆ. ಕಷ್ಟ, ಆದರೆ ಆಯಿತು, ರೆಕ್ಕೆ ಕೆಳಗಿಳಿಯಿತು. ಇನ್ನು ಮೇಲೇಳಲಿ ಎಂದು ಕಾಲು ಸಡಿಲಿಸಿದೆ — ಹಲಗೆ ನುಗ್ಗಿ ಬಂತು, ಮಂಡಿ ಗಲ್ಲಕ್ಕೆ ಬಡಿಯಿತು. ಕಡ್ಡಿ ನಗು ತಡೆಯಲು ಆ ಕಡೆ ತಿರುಗಿದ. ಎರಡನೇ ಸಲ ನಿಧಾನವಾಗಿ ಬಿಟ್ಟೆ. ತಡೆದು, ತಡೆದು. ಆರನೇ ಬಡಿತಕ್ಕೆ ತೊಡೆ ಗಡಗಡ ನಡುಗಲು ಶುರು.

ಒತ್ತುವುದು ಒಂದು ಕೆಲಸ. ಮೇಲೇಳುವ ರೆಕ್ಕೆಯನ್ನು ತಡೆಹಿಡಿಯುವುದು ಇನ್ನೊಂದು. ಅದಕ್ಕೂ ಕಾಲೇ ಬೇಕು. ಮೆಟ್ಟಿಲು ಹತ್ತಿದ್ದೂ ಸುಸ್ತು, ಹೊರೆ ಹೊತ್ತು ನಿಧಾನಕ್ಕೆ ಇಳಿದದ್ದೂ ಸುಸ್ತು. ಇದು ನನ್ನ ಲೆಕ್ಕದಲ್ಲಿ ಎಲ್ಲಿದೆ?

ಅಲ್ಲಿಂದ ಸೀದಾ ಲ್ಯಾಬು. ಟನೆಲ್ ಮೋಟಾರಿನ ಕರೆಂಟಿನ ಗ್ರಾಫ್ ತೆರೆದೆ. ನೂರು ಸಲ ನೋಡಿದ ಗ್ರಾಫ್. ರೆಕ್ಕೆ ಕೆಳಗಿಳಿಯುವಾಗ ಗೆರೆ ಸೊನ್ನೆಯ ಮೇಲೆ. ಮೇಲೇಳುವಾಗ ಸೊನ್ನೆಯ ಕೆಳಗೆ. ಆಗ ಗಾಳಿ ರೆಕ್ಕೆಯನ್ನು ತಿರುಗಿಸುತ್ತದೆ, ರೆಕ್ಕೆ ಮೋಟಾರನ್ನು, ಮೋಟಾರು ಕರೆಂಟನ್ನು ಬ್ಯಾಟರಿಗೆ ವಾಪಸ್ ಕೊಡುತ್ತದೆ. ಪ್ರೋಗ್ರಾಂ ಕೊಟ್ಟದ್ದರಿಂದ ವಾಪಸ್ ಬಂದದ್ದನ್ನು ಕಳೆದು, ಖರ್ಚು ಇಷ್ಟೇ ಎನ್ನುತ್ತದೆ. ಮೋಟಾರಿಗೆ ಅದು ಸರಿ.

ಕಾಲಿಗೆ ಏನೂ ವಾಪಸ್ ಬರುವುದಿಲ್ಲ.

ಸೊನ್ನೆಯ ಕೆಳಗಿನದನ್ನೆಲ್ಲ ತೆಗೆದು ಮತ್ತೆ ಓಡಿಸಿದೆ. ಎಪ್ಪತ್ತೆಂಟು ಹೋಗಿ ಐವತ್ತಾಯಿತು. ಬೇಕಾದದ್ದು ಮುನ್ನೂರಿಪ್ಪತ್ತು ವಾಟ್ ಅಲ್ಲ. ಐನೂರು.

ಐನೂರು ವಾಟ್ ಯಾರ ಕಾಲಿನಿಂದಲೂ... ತಂಡದಲ್ಲಿ ಅವಳು ಗೆದ್ದ ದಿನಗಳಲ್ಲೂ ಬರುತ್ತಿರಲಿಲ್ಲ, ಹತ್ತು ಸೆಕೆಂಡ್ ಬಿಟ್ಟರೆ.

ಗೋಡೆ ನೋಡುತ್ತಾ ಕೂತಿದ್ದೆ. ಎದುರು ಮೇಜಿನವರು ಎರಡು ಸಲ ಚಹಾ ಬೇಕಾ ಎಂದು ಕೇಳಿದರಂತೆ.

ಮೇ 13

ಮೇಷ್ಟ್ರಿಗೆ ತೋರಿಸಿದೆ. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಕೂಡಿದ್ದು ಕಳೆದದ್ದು ಎಲ್ಲ ಸರಿಯಾಗೇ ಇದೆ" ಎಂದರು. "ನಾವು ಮೋಟಾರನ್ನ ಕೇಳಿದ್ವಿ. ಹುಡುಗಿಯನ್ನ ಕೇಳಲಿಲ್ಲ." ನನ್ನೊಬ್ಬಳ ಮೇಲೆ ಹಾಕಲಿಲ್ಲ; ಆ ಪ್ರೋಗ್ರಾಂ ನಾನೂ ನೋಡಿದ್ದೆ ಎಂದರು. ಒಳ್ಳೆಯವರು.

ಆದರೆ ತಿಂಗಳ ಕೊನೆಗೆ ಹೊರಗಿನಿಂದ ನೋಡಲು ಜನ ಬರುತ್ತಾರೆ. ಈಗಾಗಲೇ ಕರೆದಾಗಿದೆ.

"ಸ್ವಲ್ಪ ಹೆಚ್ಚು ಎತ್ತರಕ್ಕೆ ಎಳೆದು ಬಿಡೋಣ. ಇಳಿಯುತ್ತಾ ಬಡಿದರೂ ಉದ್ದಕ್ಕೆ ಹೋಗುತ್ತೆ. ನೋಡೋರಿಗೆ ಹಾರಿದ ಹಾಗೇ ಕಾಣುತ್ತೆ. ಸುಳ್ಳು ಏನೂ ಹೇಳಲ್ವಲ್ಲ ನಾವು."

"ಅದು ಜಾರೋದು ಸರ್. ಹಾರೋದಲ್ಲ."

"ಯಾರಿಗೆ ಗೊತ್ತಾಗುತ್ತೆ?"

"ಸೀಟಲ್ಲಿ ಕೂತಿರೋಳಿಗೆ."

ಮೇಷ್ಟ್ರು ಗ್ರಾಫನ್ನು ಮತ್ತೊಮ್ಮೆ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಫೋನೆತ್ತಿ ಬರುವವರಿಗೆ ಬರಬೇಡಿ ಎಂದರು. ಯಂತ್ರ ಕೆಟ್ಟಿದೆ ಎನ್ನಬಹುದಿತ್ತು. "ನಮ್ಮ ಲೆಕ್ಕ ತಪ್ಪಿದೆ, ತಿದ್ದಿಕೊಂಡು ಕರೀತೀವಿ" ಎಂದರು.

ಮೇ 14

ತಂಗಿಗೆ ಹೇಳಿದೆ. ಮಂಚದ ಮೇಲೆ ದಿಂಬಿಗೆ ಒರಗಿ ಕೂತು ಅಮ್ಮ ಕೊಟ್ಟ ಬಟ್ಟಲು ಖಾಲಿ ಮಾಡುತ್ತಿದ್ದಳು. ಗ್ರಾಫ್ ತೋರಿಸಿದೆ. ಪೂರ್ತಿ ಕೇಳಿದಳು, ಅಡ್ಡ ಬಾಯಿ ಹಾಕಲಿಲ್ಲ.

"ಅಂದ್ರೆ ನನ್ನ ಕಾಲು ಸರಿಯಾಗಿತ್ತು."

"ಹೂಂ."

"ಮೊದಲ ದಿನದಿಂದ."

"ಹೂಂ."

ಬಟ್ಟಲು ಕೆಳಗಿಟ್ಟಳು. "ಎಲ್ರೂ ಸೇರಿ ನನಗೆ ಭಯ ಅಂದ್ರಿ. ಪರವಾಗಿಲ್ಲ. ತಂಡದಲ್ಲಿ ವಯಸ್ಸಾಯ್ತು ಅಂದ್ರು, ಅದನ್ನೂ ಕೇಳಿದೀನಿ. ಅವರು ಹೊರಗಿನವರು. ನೀನು ಅವತ್ತು ಒಂದು ಮಾತು ಆಡಬೇಕಿತ್ತು ಅಕ್ಕ. ಲೆಕ್ಕ ಗೊತ್ತಿಲ್ದೆ ಹೋದ್ರೂ ನಾನು ಗೊತ್ತಿದ್ನಲ್ಲ ನಿನಗೆ? ಇವಳು ಪೂರ್ತಿ ಕೊಟ್ಟಿಲ್ಲ ಅಂತ ಹೇಗೆ ನಂಬಿದೆ?"

ಕ್ಷಮಿಸು ಎಂದೆ.

"ಈಗ ಹೋಗು" ಎಂದಳು. ಗದರಲಿಲ್ಲ. ಅದೇ ಕಷ್ಟವಾಯಿತು.

ಜೂನ್ 2

ತಂಗಿ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ಬೇಕಾದದ್ದು ಅಮ್ಮನ ಮೂಲಕ. "ಸೋಪು ಮುಗಿದಿದೆ ಅಂತ ಹೇಳಮ್ಮ." ನಾನು ಅಲ್ಲೇ ಇರುತ್ತೇನೆ, ಮೂರು ಅಡಿ ದೂರ. ಅಮ್ಮ ಇವತ್ತು ರೇಗಿದಳು: "ನಾನೇನು ಪೋಸ್ಟ್ ಆಫೀಸಾ? ಒಂದೊಂದು ಮಾತಿಗೂ ಸ್ಟಾಂಪ್ ಅಂಟಿಸಿ ಇನ್ನು ಮೇಲೆ." ತಂಗಿಗೆ ನಗು ಬಂತು, ತಡೆದುಕೊಂಡಳು. ನನಗೂ.

ಊಟ ಮಾಡುತ್ತಿದ್ದಾಳೆ. ಅಷ್ಟು ಸಾಕು.

ಶೆಡ್ಡಿನಲ್ಲಿ ಕೆಲಸ ಭರ್ತಿ. ಉಪಾಯ ಹೊಸದೇನಲ್ಲ: ಕಾಲಿಗೆ ವಾಪಸ್ ಕೊಡಲಾಗದಿದ್ದರೆ ಬೇರೆ ಯಾರಿಗಾದರೂ ಕೊಡಬೇಕು. ರಬ್ಬರಿಗೆ. ಒಳ ರೆಕ್ಕೆಯಿಂದ ಹೊರ ರೆಕ್ಕೆಗೆ, ಕೀಲಿನ ಕೆಳಗೆ ರಬ್ಬರ್ ಹುರಿ. ಗಾಳಿ ರೆಕ್ಕೆಯನ್ನು ಮೇಲೆತ್ತಿದಾಗ ಹುರಿ ಹಿಗ್ಗಿ ತಡೆಯುತ್ತದೆ. ಕೆಳಗಿಳಿಸುವಾಗ ಕುಗ್ಗಿ ಕಾಲಿನ ಜೊತೆ ತಾನೂ ಎಳೆಯುತ್ತದೆ. ಮೊದಲೇ ಇದನ್ನು ಯೋಚಿಸಿದ್ದೆವು. ತೂಕ ಎಂದು ಬಿಟ್ಟಿದ್ದೆವು. ಎಪ್ಪತ್ತೆಂಟು ಕೈಯಲ್ಲಿದ್ದಾಗ ಯಾರಿಗೆ ಬೇಕಿತ್ತು?

ತೆಳ್ಳಗಿನ ಹುರಿ ಹಾಕಿದರೆ ಸಾಲದು. ದಪ್ಪದ್ದು ಹಾಕಿದರೆ ರೆಕ್ಕೆ ಮೇಲೇ ಏಳದು, ಬಡಿತ ಅರ್ಧವಾಗುತ್ತದೆ, ಹಿಂದಿನ ಸುಳಿಗಳ ಸಾಲು ಕೆಡುತ್ತದೆ. ಮೇಷ್ಟ್ರು ದಿನವೂ ಬಂದು ಮರಳಿನ ಚೀಲ ಎತ್ತಿಕೊಡುತ್ತಾರೆ. ಸೊಂಟ ಹಿಡಿದರೂ ಬಿಡುವುದಿಲ್ಲ. ಒಂದು ಹುರಿ ಕಿತ್ತು ಕಡ್ಡಿಯ ಕಿವಿಯ ಪಕ್ಕದಿಂದ ಸುಯ್ಯೆಂದು ಹೋಯಿತು. "ಸಣ್ಣಗಿರೋದಕ್ಕೆ ಬದುಕಿದೆ" ಎಂದ.

ಜೂನ್ 9, ಸಂಜೆ

ಮಾದರಿಗೂ ಚಿಕ್ಕ ಸ್ಪ್ರಿಂಗ್ ಹಾಕಿ ಟನೆಲ್ಲಿನಲ್ಲಿ ಅಳೆದೆ. ಈ ಸಲ ಕಾಲಿನ ಲೆಕ್ಕದಲ್ಲೇ. ಎಪ್ಪತ್ತು. ರಬ್ಬರು ಬಿಸಿಯಾಗಿ ಸ್ವಲ್ಪ ನುಂಗುತ್ತದೆ, ಅದನ್ನೂ ಸೇರಿಸಿದರೆ ಅರವತ್ತೆಂಟು. ಬೇಕಾದದ್ದು ಮುನ್ನೂರರವತ್ತೆಂಟು ವಾಟ್. ಅವಳ ಮುನ್ನೂರೈವತ್ತಕ್ಕಿಂತ ಜಾಸ್ತಿಯೇ. ಆದರೆ ಅದು ಒಂದು ನಿಮಿಷದ ಅಂಕಿ. ಅರ್ಧ ನಿಮಿಷಕ್ಕಾದರೆ...

ಮನೆಗೆ ಬಂದು ಅಮ್ಮನಿಗೆ ಹೇಳುವಂತೆ ಗಟ್ಟಿಯಾಗಿ ಹೇಳಿದೆ. "ಶೆಡ್ಡಿನಲ್ಲಿ ಸೀಟು ಖಾಲಿ ಇದೆಯಂತೆ ಅಮ್ಮ. ಬರಲೇಬೇಕು ಅಂತೇನಿಲ್ಲವಂತೆ."

ತಂಗಿಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು.

ಜೂನ್ 11

ಬಂದಳು! ಶಾಲೆ ಮುಗಿಸಿ, ಕೊರಳಲ್ಲಿ ಸೀಟಿ ಇನ್ನೂ ನೇತಾಡುತ್ತಿತ್ತು. ಯಾರನ್ನೂ ಮಾತಾಡಿಸದೆ ಸೀಟಿನಲ್ಲಿ ಒರಗಿದಳು. ಮರಳಿನ ಚೀಲ ಕಟ್ಟಿದೆವು. ಒತ್ತಿದಳು. ಬಿಟ್ಟಳು. ಒತ್ತಿದಳು. ಇಪ್ಪತ್ತು ಬಡಿತ ಆದ ಮೇಲೂ ನಿಲ್ಲಿಸಲಿಲ್ಲ. ಮೇಷ್ಟ್ರು, ಕಡ್ಡಿ, ನಾನು ಅವಳ ಮಂಡಿಯನ್ನೇ ನೋಡುತ್ತಾ ನಿಂತಿದ್ದೆವು.

"ಮೇಲೇಳುವಾಗ ಈಗ ಕಾಲಿಗೆ ಉಸಿರಾಡೋಕೆ ಟೈಮ್ ಸಿಗ್ತಿದೆ" ಎಂದಳು. ಮೇಷ್ಟ್ರಿಗೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಒಂದು ಕಂಡೀಷನ್ನು. ನಾನು ಹೊಟ್ಟೆ ತುಂಬ ತಿಂದೇ ಹಾರೋದು. ನಾನು ಎಷ್ಟು ತೂಗ್ತೀನೋ ಅಷ್ಟಕ್ಕೆ ರೆಕ್ಕೆ ಮಾಡು. ರೆಕ್ಕೆಗೆ ತಕ್ಕ ಹಾಗೆ ನಾನು ಆಗಲ್ಲ."

"ಆಯ್ತು."

"ಇನ್ನೊಂದು. ಅಮ್ಮನೂ ರನ್‌ವೇಗೆ ಬರಬೇಕು. ಅದು ನಿನ್ನ ಕೆಲಸ."

ಅದು ರೆಕ್ಕೆಗಿಂತ ಕಷ್ಟದ ಕೆಲಸ.

ಜೂನ್ 25

ನಸುಕಿನಲ್ಲೇ ಹೋದೆವು. ಗಾಳಿ ಇಲ್ಲ. ಹುಲ್ಲಿನ ತುದಿ ಕೂಡ ಅಲ್ಲಾಡುತ್ತಿಲ್ಲ. ಅಮ್ಮ ಕಾರಿನಿಂದ ಇಳಿಯಲಿಲ್ಲ, ಗಾಜು ಮಾತ್ರ ಇಳಿಸಿದಳು. "ನಾನು ನೋಡಲ್ಲ. ಬಂದಿದೀನಿ ಅಷ್ಟೆ."

ಈ ಸಲ ಎಳೆಯಲು ಕಡ್ಡಿಯ ವ್ಯಾನು. ಎದ್ದಿತು. ಎರಡಾಳು ಎತ್ತರ. ಹಗ್ಗ ಕಳಚಿತು.

ನಾನು ಪಕ್ಕದಲ್ಲಿ ಓಡುತ್ತಿದ್ದೆ. ಮೊದಲ ಎರಡು ಬಡಿತದಲ್ಲಿ ತಗ್ಗಿತು. ಆಮೇಲೆ ತಗ್ಗುವುದು ನಿಂತಿತು. ಹೊರ ರೆಕ್ಕೆಗಳು ಮೇಲೆ ಹೋಗುತ್ತವೆ, ಹುರಿ ಬಿಗಿಯುತ್ತದೆ, ಕೆಳಗೆ ಬರುತ್ತವೆ. ಸದ್ದೇ ಇಲ್ಲ. ಅವಳ ಉಸಿರು ಮಾತ್ರ, ಹಲ್ಲು ಕಚ್ಚಿ ಬಿಡುವ ಉಸಿರು, ಅದೂ ದೂರವಾಗುತ್ತಾ ಹೋಯಿತು. ನನಗೆ ಓಡಿ ಹಿಡಿಯಲಾಗಲಿಲ್ಲ. ಹಿಂದೆ ಕಾರಿನ ಬಾಗಿಲು ಧಡ್ ಎಂದಿತು.

ಎಷ್ಟು ದೂರ ಎಂದು ಆಮೇಲೆ ಹೆಜ್ಜೆ ಹಾಕಿ ನೋಡಿದವರು ಮೇಷ್ಟ್ರು. ನಾನು ನೋಡಲಿಲ್ಲ. ರನ್‌ವೇ ಮುಗಿಯುವ ಹತ್ತಿರ ಇಳಿಸಿದಳು. ಎಡ ರೆಕ್ಕೆಯ ತುದಿ ಹುಲ್ಲಿಗೆ ಸಿಕ್ಕಿ ಮುರಿಯಿತು. ಅವಳಿಗೆ ಏನೂ ಆಗಿಲ್ಲ. ಮುರಿದ ತುದಿ ಕೈಯಲ್ಲಿ ಹಿಡಿದು ಕಡ್ಡಿ ಅಳುತ್ತಿದ್ದ, ಮುರಿದದ್ದಕ್ಕಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದ. ಅಮ್ಮ ಬರಿಗಾಲಲ್ಲಿ ಓಡಿ ಬಂದಿದ್ದಳು, ಚಪ್ಪಲಿ ಕಾರಿನ ಹತ್ತಿರವೇ. ತಂಗಿಯ ಎರಡೂ ಕಾಲನ್ನು ಹಿಡಿದು ಉಜ್ಜುತ್ತಾ ಕೂತಳು.

ತಂಗಿಗೆ ಉಸಿರು ಬಂದ ಮೇಲೆ ನನ್ನ ತೋಳು ಹಿಡಿದು ಹತ್ತಿರ ಎಳೆದಳು.

"ಅಕ್ಕ, ನಿಜ ಹೇಳು. ನಾನು ಹಾರಿದ್ನಾ? ಇಲ್ಲಾ ವ್ಯಾನು ಎಸೆದ ಜೋರಿಗೆ ಜಾರ್ಕೊಂಡು ಬಂದ್ನಾ?"

ಮೇಷ್ಟ್ರು ಬಾಯಿ ತೆರೆದರು. ಅವರು ಹೇಳುವುದು ಬೇಡ ಎಂದು ಕೈ ಅಡ್ಡ ಹಿಡಿದೆ. ಹಾರಿದೆ ಎನ್ನಲು ನನಗೂ ಬಾಯಿ ತುಂಬ ಆಸೆ.

"ನೋಡಿ ಹೇಳ್ತೀನಿ" ಎಂದೆ.

ತಲೆ ಆಡಿಸಿದಳು. "ಹೂಂ. ನೋಡಿಯೇ ಹೇಳು."

ಜೂನ್ 26, ಮಧ್ಯಾಹ್ನ

ರಜೆ ಹಾಕಿದ್ದೇನೆ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್. ಯಂತ್ರದ ಡಬ್ಬಿಯಿಂದ ವೇಗ, ಎತ್ತರ ಎರಡೂ ಇಳಿಸಿಕೊಂಡೆ.

ಎತ್ತರ ಒಂದನ್ನೇ ನೋಡಿದರೆ ಮೋಸ. ವೇಗ ಕಳೆದುಕೊಂಡು ಎತ್ತರದಲ್ಲಿ ಉಳಿಯಬಹುದು. ಎತ್ತರ ಕಳೆದುಕೊಂಡು ವೇಗ ಉಳಿಸಬಹುದು. ಎರಡರ ಶಕ್ತಿಯನ್ನೂ ಕೂಡಿಸಿ ನೋಡಬೇಕು. ಬರೀ ಜಾರುವ ಯಂತ್ರಕ್ಕೆ ಆ ಮೊತ್ತ ಇಳಿಯುತ್ತಲೇ ಹೋಗಬೇಕು, ಬೇರೆ ದಾರಿ ಇಲ್ಲ. ಮಾರ್ಚ್ ತಿಂಗಳ ಹಾರಾಟಗಳನ್ನು ಮೊದಲು ಹಾಕಿದೆ. ಮೂರಕ್ಕೆ ಮೂರೂ ಇಳಿಜಾರು, ಆಟದ ಜಾರುಬಂಡೆಯ ಹಾಗೆ.

ನಿನ್ನೆಯದು ಹಾಕಿದೆ.

ಮೊದಲ ಎರಡು ಬಡಿತ ಇಳಿಯುತ್ತದೆ. ಆಮೇಲೆ ಸಮ. ಒಂದೊಂದು ಬಡಿತಕ್ಕೂ ಸಣ್ಣ ಏರು, ಸಣ್ಣ ಇಳಿತ, ಅಲೆಯ ಹಾಗೆ, ನಡುಗೆರೆ ನೇರ. ಗಾಳಿ ಏನಾದರೂ ಸಹಾಯ ಮಾಡಿತೇ ಎಂದು ರನ್‌ವೇಯಲ್ಲಿ ನಾವಿಟ್ಟಿದ್ದ ಗಾಳಿಮಾಪಕದ ಅಂಕಿ ನೋಡಿದೆ. ಸೊನ್ನೆ. ಡಬ್ಬಿ ಸುಳ್ಳು ಹೇಳುತ್ತಿದೆಯೇ ಎಂದು ನೆಲದ ಮೇಲೆ ನಿಂತಿದ್ದಾಗಿನ ಅಂಕಿ ನೋಡಿದೆ. ಸರಿ ಇದೆ. ಮತ್ತೆ ಮೊದಲಿನಿಂದ ಲೆಕ್ಕ ಹಾಕಿದೆ, ಈ ಸಲ ಪ್ರೋಗ್ರಾಂ ಇಲ್ಲದೆ, ಕೈಯಲ್ಲಿ.

ಕೊನೆಯ ಐದು ಬಡಿತದಲ್ಲಿ ಗೆರೆ ಏರುತ್ತದೆ. ತುಸುವೇ. ಆದರೆ ಏರುತ್ತದೆ. ವ್ಯಾನು ಕೊಟ್ಟಿದ್ದರಲ್ಲಿ ಉಳಿದದ್ದು ಹಾಗೇ ಇದೆ, ಅದರ ಮೇಲೆ ಅವಳು ತನ್ನದನ್ನು ಸೇರಿಸಿದ್ದಾಳೆ.

ಅವಳ ಕೋಣೆಯ ಬಾಗಿಲವರೆಗೆ ಹೋದೆ. ಅಮ್ಮ ಅಡ್ಡ ಬಂದಳು. "ಬೆಳಿಗ್ಗೆಯಿಂದ ಕಾಲು ನೋವು ಅಂತ ಒದ್ದಾಡಿ ಈಗ ಕಣ್ಣು ಮುಚ್ಚಿದಾಳೆ. ಎಬ್ಬಿಸಿದ್ಯೋ ನೋಡು."

ಬಂದು ಕೂತೆ. ಬರೆಯುತ್ತಿದ್ದೇನೆ. ಅಮ್ಮ ಬಟ್ಟೆ ಒಣಹಾಕಲು ಬಕೆಟ್ ಎತ್ತಿಕೊಂಡಳು. ಹಿತ್ತಲ ಬಾಗಿಲು ತೆರೆದ ಸದ್ದು. ಹೊರಗೆ ಹೋದಳು. ಇನ್ನು ನಾನು ಅವಳನ್ನು ಎಬ್ಬಿಸಿ, ನೋಡಿದೆ, ನೀನು ಹಾರಿದೆ ಎಂದು...